ಜರ್ಮನಿಯ ‘ಝೀರೋ’ ಕಲಾಪಂಥ ಮತ್ತು ಬೆಳಕಿನ ನೃತ್ಯ

ಚಿತ್ರವೆಂದರೆ ಬಣ್ಣ ಬಳಿದ ಪಟ, ಶಿಲ್ಪವೆಂದರೆ ಕಡೆದ ಕಲ್ಲು ಎಂದು ಬಗೆದವರಿಗೆ, ಬರಿಯ ಬೆಳಕನ್ನೇ ಕಲಾಕೃತಿಯೆಂದು ಕರೆಯುವುದು ವಿಚಿತ್ರವಾಗಿ ತೋರೀತು. ಎರಡನೆಯ ಮಹಾಯುದ್ಧದ ತರುವಾಯ ಜರ್ಮನಿಯ ಡುಸೆಲ್ಡಾರ್ಫ್ ನಗರದಲ್ಲಿ ತಲೆಯೆತ್ತಿದ ‘ಝೀರೋ’ ಪಂಥದವರು ಕೈಕೊಂಡ ಸಾಹಸವಾದರೋ ಇದೇ.

1957ರಲ್ಲಿ ಹೈನ್ಸ್ ಮಾಕ್, ಓಟೊ ಪೀನೆ ಎಂಬಿಬ್ಬರು ತರುಣರು ತಮ್ಮ ಚಿತ್ರಶಾಲೆಯಲ್ಲಿ ಒಂದೇ ಸಂಜೆಯ ಪ್ರದರ್ಶನಗಳನ್ನು ಏರ್ಪಡಿಸತೊಡಗಿದರು. 1958ರಲ್ಲಿ ‘ಝೀರೋ’ ಎಂಬ ಪತ್ರಿಕೆ ಹೊರಟಿತು. ಈ ಹೆಸರು ಅಭಾವವನ್ನು ಸೂಚಿಸುವುದಿಲ್ಲ. ರಾಕೆಟ್ಟನ್ನು ಹಾರಿಸುವಾಗ ಹಿಂದುಹಿಂದಾಗಿ ಎಣಿಸುತ್ತ ಮುಟ್ಟುವ ಗಳಿಗೆ ಅದು, ಹೊಸ ಆರಂಭದ ಗಳಿಗೆ. (ಅಲ್ಲಮನ ಬಯಲನ್ನು ಇಲ್ಲಿಗೆ ತಂದು ಹೊಂದಿಸುವ ಮೋಹ ನಮ್ಮಂಥವರಿಗೆ ಸಹಜ; ತಡೆದುಕೊಳ್ಳುವುದೇ ಲೇಸು.) 1961ರಲ್ಲಿ ಗುಂಟರ್ ಯೂಕರ್ ಇವರನ್ನು ಕೂಡಿಕೊಂಡನು. ಹಲಗೆಯ ಮೇಲೆ ಸಾಲುಸಾಲಾಗಿ ಮೊಳೆ ಹೊಡೆದು, ಅವುಗಳ ನೆರಳೇ ಚಿತ್ರವಾಗುವಂತೆ ಮಾಡಿದವನು ಈತ. ಮಾಕನು ಅಲ್ಯುಮಿನಿಯಂ ತಗಡಿನಲ್ಲಿ ಬೆಳಕಿನ ಕಂಪನವನ್ನು ಹಿಡಿದನು.

ಆದರೆ ನಮಗೆ ಹೆಚ್ಚು ಹತ್ತಿರವಾಗುವವನು ಪೀನೆ. ಹದಿಹರೆಯದಲ್ಲಿಯೇ ವಿಮಾನವಿರೋಧಿ ಪಡೆಯ ಸೇವೆಗೆ ಎಳೆಯಲ್ಪಟ್ಟ ಆತನ ಕಣ್ಣಿಗೆ ಇರುಳಿನ ಆಕಾಶದ ಬೆಳಕೆಂದರೆ ಸಾವಿನ ಸನ್ನೆ. 1959ರಲ್ಲಿ ಆತನು ರಂಧ್ರಗಳುಳ್ಳ ಹಾಳೆಗಳ ಹಿಂದೆ ಕೈದೀಪವನ್ನು ಆಡಿಸಿ, ಕತ್ತಲೆಯ ಕೋಣೆಯ ಗೋಡೆ, ಮಾಡುಗಳ ಮೇಲೆ ಬೆಳಕಿನ ಚುಕ್ಕೆಗಳನ್ನು ಕುಣಿಸಿದನು. ಇದೇ ಆತನ ‘ಬೆಳಕಿನ ನೃತ್ಯ’.

ಇದನ್ನೋದುವಾಗ ಬಳ್ಳಾರಿಯ ಕಡೆಯ ತೊಗಲುಗೊಂಬೆಯಾಟ ನೆನಪಾಗದಿರದು. ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ಬೆಳೆದ ನಮ್ಮ ಮಕ್ಕಳಲ್ಲಿ ಬಹುಮಂದಿ ಅದನ್ನು ಕಂಡಿರಲಾರರು. ಹದಮಾಡಿ ತೆಳುವಾಗಿಸಿದ ಆಡಿನ ತೊಗಲಿಗೆ ಬಣ್ಣ ಕಟ್ಟಿ, ಒಡವೆ ಉಡುಗೆಗಳ ಅಂಚಿನಲ್ಲಿ ಸಣ್ಣ ಸಣ್ಣ ತೂತುಗಳನ್ನು ಕೊರೆಯುತ್ತಾರೆ. ಬಿಳಿಯ ಪರದೆಯ ಹಿಂದೆ ದೀಪವಿಟ್ಟರೆ ರಾವಣನ ಕಿರೀಟ ಮಿನುಗುತ್ತದೆ. ತೂತು, ದೀಪ, ಚಲನೆ — ಸಾಮಗ್ರಿ ಒಂದೇ. ಆದರೂ ‘ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು’ ಎಂದು ಬೀಗುವುದು ಸರಿಯಲ್ಲ. ನಮ್ಮಲ್ಲಿ ಬೆಳಕು ರಾವಣನನ್ನು ತೋರಿಸುತ್ತದೆ. ದೀಪ ಅಚಲ, ಗೊಂಬೆ ಚಲ. ಪೀನೆ ರಾವಣನನ್ನೂ ಕಥೆಯನ್ನೂ ಪರದೆಯನ್ನೂ ತೆಗೆದುಹಾಕಿ ದೀಪವನ್ನೇ ಕುಣಿಸಿದನು. ನೋಡುವವನು ಪರದೆಯೆದುರು ಕೂಡದೆ ಬೆಳಕಿನ ನಡುವೆಯೇ ನಿಲ್ಲುತ್ತಾನೆ. ಯುದ್ಧವೀರರ ಕಥೆಗಳನ್ನು ಕೇಳಿ ಕೆಟ್ಟ ನಾಡಿಗೆ ಕಥೆಯಿಲ್ಲದ ಬೆಳಕು ಬೇಕಾಗಿತ್ತೆಂದು ನನ್ನ ಊಹೆ.

ಮುಂದೆ ಪೀನೆ ಕೈದೀಪವನ್ನು ಬಿಟ್ಟು ಮೋಟಾರು ಜೋಡಿಸಿದನು. ಲಯ ತಪ್ಪದು, ನಿಜ. ಆಡಿಸುವ ಕೈಯ ಉಸಿರು ಮಾತ್ರ ಅಲ್ಲಿ ಕಾಣದು.

1966ರಲ್ಲಿ ಮೂವರೂ ಪಂಥವನ್ನು ವಿಸರ್ಜಿಸಿ ತಂತಮ್ಮ ದಾರಿ ಹಿಡಿದರು. 1972ರ ಮ್ಯೂನಿಕ್ ಒಲಿಂಪಿಕ್ ಕ್ರೀಡೆಗಳ ಮುಕ್ತಾಯಕ್ಕೆ ಪೀನೆ ಹೀಲಿಯಂ ತುಂಬಿದ ಬಣ್ಣದ ಕೊಳವೆಗಳಿಂದ ಆಕಾಶದಲ್ಲಿ ಕಾಮನಬಿಲ್ಲನ್ನು ಎತ್ತಿ ನಿಲ್ಲಿಸಿದನು.