ಚೀನದ ಸಮರಕಲೆಯಲ್ಲಿ ‘ಅಂತಃಶಕ್ತಿ’ ಎಂಬುದೇನು?

ಕುಂಗ್‌ಫು ಎಂದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣ ಮುಂದೆ ನಿಲ್ಲುವುದು ಚಲನಚಿತ್ರದಲ್ಲಿ ಗಾಳಿಗೆ ನೆಗೆದು ಒದೆಯುವ ವೀರನ ಚಿತ್ರ. ಚೀನೀ ಭಾಷೆಯಲ್ಲಾದರೋ ಆ ಪದಕ್ಕೆ ಮೂಲತಃ ಹೊಡೆದಾಟವೆಂಬ ಅರ್ಥವೇ ಇಲ್ಲ. ಬಹುಕಾಲದ ಪರಿಶ್ರಮದಿಂದ ಕೈವಶವಾದ ನೈಪುಣ್ಯವೆಂಬುದೇ ಅದರ ಅರ್ಥ. ಅಡುಗೆಯವನ ಕೈಯಲ್ಲಿಯೂ, ಕುಂಚ ಹಿಡಿದು ಅಕ್ಷರ ಬರೆಯುವವನ ಬೆರಳಲ್ಲಿಯೂ ಕುಂಗ್‌ಫು ಇರಬಹುದು. ಕಾದಾಟದ ಕಲೆಗೆ ಅಲ್ಲಿನ ಹೆಸರು ‘ವೂಶು’. ಈ ಪದವಿಚಾರವನ್ನು ಮೊದಲಿಗೇ ಎತ್ತಿಕೊಂಡಿರುವುದಕ್ಕೆ ಕಾರಣವುಂಟು. ಆ ಕಲೆಯ ತಿರುಳೆನ್ನಲಾಗುವ ‘ಅಂತಃಶಕ್ತಿ’ಯ ಹೆಸರಿನಲ್ಲಿ ಇಂದು ಬಹಳ ಮಾತು, ಬಹಳ ವ್ಯಾಪಾರ ನಡೆದಿದೆ. ಅದನ್ನು ನಂಬಿ ರೋಗಿಗಳು ಔಷಧವನ್ನೇ ಬಿಟ್ಟುಬಿಡುವ ಅಪಾಯವಿದೆ. ಹಾಗೆಯೇ, ಅದೆಲ್ಲ ಬೂಟಾಟಿಕೆಯೆಂದು ತಳ್ಳಿಹಾಕಿ, ಮುಪ್ಪಿನಲ್ಲಿ ನಿಜವಾಗಿ ನೆರವಾಗಬಲ್ಲ ಒಂದು ಅಭ್ಯಾಸವನ್ನು ಕಳೆದುಕೊಳ್ಳುವ ಸಂಭವವೂ ಇದೆ.

ಈ ಕಲೆಯನ್ನು ಚೀನೀಯರಿಗೆ ಕಲಿಸಿದವನು ದಕ್ಷಿಣ ಭಾರತದಿಂದ ಹೋದ ಬೋಧಿಧರ್ಮನೆಂಬ ಕಥೆ ನಮ್ಮ ದೇಶದಲ್ಲಿ ಬಲು ಜನಪ್ರಿಯ. ಕೇಳಲು ಹಿತವಾದರೂ ಇತಿಹಾಸ ಅದನ್ನು ಸಮರ್ಥಿಸುವುದಿಲ್ಲ. ಹೆನಾನ್ ಪ್ರಾಂತದ ಸಾಂಗ್ ಪರ್ವತದಲ್ಲಿರುವ ಶಾವೊಲಿನ್ ವಿಹಾರವನ್ನು ಕ್ರಿ.ಶ. 495ರ ಸುಮಾರಿಗೆ ಉತ್ತರ ವೇಯ್ ವಂಶದ ಚಕ್ರವರ್ತಿಯು ಭಾರತದಿಂದ ಬಂದ ಬೇರೊಬ್ಬ ಭಿಕ್ಷುವಿಗಾಗಿ ಕಟ್ಟಿಸಿದನು. ಬೋಧಿಧರ್ಮನದೆಂದು ಹೇಳುವ ‘ಯಿಜಿನ್ ಜಿಂಗ್’ ಎಂಬ ವ್ಯಾಯಾಮಗ್ರಂಥ ಹುಟ್ಟಿದ್ದು 17ನೆಯ ಶತಮಾನದಲ್ಲಿ; ಅದನ್ನು ಅವನ ಹೆಸರಿಗೆ ಜೋಡಿಸಿದ್ದು ಕಲ್ಪನೆಯೆಂಬುದನ್ನು ಚೀನದ ವಿದ್ವಾಂಸರೇ ತೋರಿಸಿಕೊಟ್ಟಿದ್ದಾರೆ. ಬೋಧಿಧರ್ಮನಿಗಿಂತ ನಾಲ್ಕು ಶತಮಾನ ಹಿಂದೆಯೇ ಹಾನ್ ವಂಶದ ಚರಿತ್ರೆಯಲ್ಲಿನ ಗ್ರಂಥಸೂಚಿ ಮುಷ್ಟಿಯುದ್ಧದ ಆರು ಅಧ್ಯಾಯಗಳ ಒಂದು ಕೃತಿಯನ್ನು ಹೆಸರಿಸುತ್ತದೆ. ಹೊಲ, ಊರು, ಧಾನ್ಯದ ಕಣಜಗಳನ್ನು ದರೋಡೆಕೋರರಿಂದ ಕಾಯಬೇಕಾದ ಜನರು ಎಲ್ಲ ದೇಶಗಳಲ್ಲಿಯೂ ಹೊಡೆದಾಡಲು ಕಲಿತಿದ್ದಾರೆ. ಶಾವೊಲಿನ್ ಭಿಕ್ಷುಗಳೂ ಕಲಿತರು. 621ರಲ್ಲಿ ಅವರಲ್ಲಿ ಕೆಲವರು ತಾಂಗ್ ವಂಶದ ರಾಜಕುಮಾರನ ಪಕ್ಷದಲ್ಲಿ ನಿಂತು ಹೋರಾಡಿದ ಸಂಗತಿ 728ರ ಶಿಲಾಶಾಸನದಲ್ಲಿದೆ.

ಕಾದಾಟದ ಕಲೆ ಆರೋಗ್ಯದ ಕಡೆಗೆ ಮೊಗ ತಿರುಗಿಸಿದ ಬಗೆ ಸ್ವಾರಸ್ಯಕರವಾದುದು. 16ನೆಯ ಶತಮಾನದಲ್ಲಿ ಕಡಲ್ಗಳ್ಳರನ್ನು ಸದೆಬಡಿದ ಮಿಂಗ್ ಸೇನಾಪತಿ ಚಿ ಜಿಗ್ವಾಂಗ್ ತನ್ನ ಸೈನ್ಯಶಿಕ್ಷಣದ ಗ್ರಂಥದಲ್ಲಿ ಬರಿಗೈ ಕಾದಾಟದ 32 ಭಂಗಿಗಳನ್ನು ಕೊಟ್ಟನು. ದೊಡ್ಡ ಯುದ್ಧದಲ್ಲಿ ಇವುಗಳಿಂದ ಹೆಚ್ಚಿನ ಪ್ರಯೋಜನವಿಲ್ಲವೆಂದು ಅವನೇ ಒಪ್ಪಿಕೊಂಡಿದ್ದಾನೆ. ಕೈಕಾಲುಗಳನ್ನು ಪಳಗಿಸಿ ದೇಹವನ್ನು ಹಗುರಗೊಳಿಸುವುದಕ್ಕೆ ಇವು ಬೇಕೆಂಬುದು ಅವನ ಅಭಿಪ್ರಾಯವಾಗಿತ್ತು. ಆ ಭಂಗಿಗಳಲ್ಲಿ ಹಲವು ಮುಂದಿನ ಶತಮಾನದಲ್ಲಿ ಹೆನಾನ್ ಪ್ರಾಂತದ ಚೆನ್ ಮನೆತನದ ಹಳ್ಳಿಯಲ್ಲಿ ರೂಪುಗೊಂಡ ಪದ್ಧತಿಯಲ್ಲಿ ಕಾಣಿಸುತ್ತವೆ. ನಿವೃತ್ತ ಯೋಧನಾದ ಚೆನ್ ವಾಂಗ್‌ತಿಂಗ್ ಅವುಗಳಿಗೆ ಉಸಿರಾಟದ ಸಾಧನೆಯನ್ನು ಬೆಸೆದನೆಂದು ಆ ಮನೆತನದ ಪರಂಪರೆ ಹೇಳುತ್ತದೆ. ಆ ಹಳ್ಳಿಯಲ್ಲಿ ಕಲಿತ ಯಾಂಗ್ ಲುಚಾನ್ (1799–1872) ಅದನ್ನು ರಾಜಧಾನಿ ಬೀಜಿಂಗಿಗೆ ಒಯ್ದನು. ಅವನ ಮೊಮ್ಮಗ ಯಾಂಗ್ ಚೆಂಗ್‌ಫು ನೆಗೆತ, ತುಳಿತಗಳನ್ನು ಕಳೆದು ಎಲ್ಲ ವಯಸ್ಸಿನವರೂ ಮಾಡಬಹುದಾದ ನಿಧಾನದ, ಏಕಗತಿಯ ರೂಪವನ್ನು ಪ್ರಚಾರಕ್ಕೆ ತಂದನು. ಇದೇ ತಾಯ್‌ಚಿ. 1956ರಲ್ಲಿ ಚೀನ ಸರ್ಕಾರ ಅದನ್ನು 24 ಭಂಗಿಗಳಿಗೆ ಇಳಿಸಿ ಸರಳಗೊಳಿಸಿತು. 2020ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಇನ್ನು ಅಂತಃಶಕ್ತಿಯ ವಿಚಾರ. ಚೀನೀಯರು ಇದಕ್ಕೆ ಬಳಸುವ ಪದ ‘ಚಿ’. (ತಾಯ್‌ಚಿ ಎಂಬಲ್ಲಿರುವ ‘ಚಿ’ ಬೇರೆಯ ಅಕ್ಷರ, ಅದಕ್ಕೆ ಪರಮಾವಧಿಯೆಂದು ಅರ್ಥ. ಕಿವಿಗೆ ಒಂದೇ ಆಗಿ ಕೇಳಿಸುವುದರಿಂದ ಎರಡನ್ನೂ ಒಂದೆಂದು ತಿಳಿಯುವವರು ಬಹಳ.) ಅಂತಃಶಕ್ತಿಯ ‘ಚಿ’ಯನ್ನು ಸಾಂಪ್ರದಾಯಿಕ ಲಿಪಿಯಲ್ಲಿ ಬರೆದಾಗ ಮೇಲೆ ಆವಿಯ ಗುರುತು, ಒಳಗೆ ಅಕ್ಕಿಯ ಗುರುತು, ಬೇಯುವ ಅನ್ನದ ಮೇಲೇಳುವ ಹಬೆಯನ್ನು ನೆನೆಯಬಹುದು. ಉಸಿರು, ಗಾಳಿ, ಚೈತನ್ಯಗಳೆಲ್ಲ ಅದರಲ್ಲಿ ಅಡಗಿವೆ. ನಮ್ಮ ‘ಪ್ರಾಣ’ಕ್ಕೆ ಇದು ಸಮೀಪವಾದರೂ ಎರಡೂ ಒಂದೇ ಅಲ್ಲ, ಹವಾಮಾನವನ್ನೂ ಸಿಟ್ಟನ್ನೂ ಹೇಳುವಾಗಲೂ ಚೀನೀಯರು ಇದೇ ಅಕ್ಷರವನ್ನು ಬಳಸುತ್ತಾರೆ.

ಪುಸ್ತಕಗಳಲ್ಲಿ ಚಿಯ ಮಾತು ಎಷ್ಟೇ ಇರಲಿ, ಅಭ್ಯಾಸದಲ್ಲಿ ಗುರುಗಳು ತಿದ್ದುವುದು ಪಾದ, ಮೊಣಕಾಲು, ಸೊಂಟ, ಹೆಗಲುಗಳನ್ನು. ಅವರು ಎರಡು ಬಗೆಯ ಬಲವನ್ನು ಹೇಳುತ್ತಾರೆ. ‘ಲಿ’ ಎಂಬುದು ಸ್ನಾಯುಗಳ ಒರಟು ಬಲ. ‘ಜಿನ್’ ಎಂಬುದು ಪಳಗಿದ ಬಲ. ಹೊಸಬನೊಬ್ಬ ಕೊಡಲಿಯಿಂದ ಸೌದೆ ಒಡೆಯುವುದನ್ನು ನೋಡಿರಿ. ಅವನು ರಟ್ಟೆಯನ್ನು ಬಿಗಿಹಿಡಿದು ನಾಲ್ಕು ಏಟಿಗೆ ಏದುಸಿರು ಬಿಡುತ್ತಾನೆ. ಅನುಭವಿಯಾದವನು ಪಾದವನ್ನು ನೆಲಕ್ಕೂರಿ, ಹೆಗಲನ್ನು ಸಡಿಲಬಿಟ್ಟು, ಸೊಂಟದಿಂದ ಇಳಿದ ಬಲವನ್ನು ಕೊಡಲಿಯ ಬಾಯಿಗೆ ಮುಟ್ಟಿಸುತ್ತಾನೆ. ಜಿನ್ ಎಂಬುದು ಇಂಥದೇ. ನೆಲವನ್ನೊತ್ತಿದ ಕಾಲಿನಿಂದ ಹೊರಟ ಬಲ ನಡುವೆ ಎಲ್ಲಿಯೂ ಸೋರದೆ ಅಂಗೈಯವರೆಗೆ ಹರಿಯಬೇಕು. ಬೇಡದ ಸ್ನಾಯು ಒಂದೇ ಒಂದು ಬಿಗಿದುಕೊಂಡರೂ ಆ ಹರಿವು ತಡೆಯುತ್ತದೆ. ಆದ್ದರಿಂದಲೇ ‘ಸಡಿಲಿಸು’ ಎಂಬುದು ಗುರುವಿನ ಬಾಯಲ್ಲಿ ಮತ್ತೆ ಮತ್ತೆ ಬರುವ ಮಾತು. ಹೊಕ್ಕುಳ ಕೆಳಗಿನ ‘ದಾಂತಿಯನ್’ ಎಂಬ ಎಡೆಯಲ್ಲಿ ಮನಸ್ಸನ್ನಿರಿಸಿದಾಗ ಉಸಿರು ಎದೆಯಿಂದ ಹೊಟ್ಟೆಗೆ ಇಳಿಯುತ್ತದೆ, ಗಮನವು ದೇಹದ ತೂಕದ ಕೇಂದ್ರದ ಬಳಿ ನೆಲೆಗೊಳ್ಳುತ್ತದೆ. ಇಬ್ಬರು ಮುಂಗೈಗಳನ್ನು ತಾಗಿಸಿ ಪರಸ್ಪರ ತಳ್ಳುವ ಅಭ್ಯಾಸವೂ ಉಂಟು. ಎದುರಾಳಿಯ ಒತ್ತಡ ಎತ್ತ ವಾಲುತ್ತಿದೆಯೆಂಬುದನ್ನು ಚರ್ಮದಿಂದಲೇ ಅರಿಯುವ ಆ ಕೌಶಲಕ್ಕೆ ಅವರು ‘ಕೇಳುವ ಬಲ’ ಎನ್ನುತ್ತಾರೆ. ವರ್ಷಗಟ್ಟಲೆ ಹೀಗೆ ಪಳಗಿದ ದೇಹ ಒಮ್ಮೆಲೇ ಕೆಲಸ ಮಾಡಿದಾಗ ನೋಡುವವರಿಗೆ ಅದು ಪವಾಡದಂತೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

ಪವಾಡವೆಂದೇ ನಂಬಿದವರ ಗತಿ ಏನಾಯಿತೆಂಬುದನ್ನೂ ಹೇಳಬೇಕು. 1900ರ ಬಾಕ್ಸರ್ ದಂಗೆಯಲ್ಲಿ ಉತ್ತರ ಚೀನದ ಹಳ್ಳಿಯ ತರುಣರು, ಮಂತ್ರವಿಧಿಗಳಿಂದಲೂ ಮುಷ್ಟಿವಿದ್ಯೆಯಿಂದಲೂ ತಮ್ಮ ಮೈಗೆ ಗುಂಡು ತಾಗದೆಂದು ನಂಬಿ ಬಂದೂಕುಗಳೆದುರು ನುಗ್ಗಿ ಗುಂಪುಗುಂಪಾಗಿ ಮಡಿದರು. 2017ರಲ್ಲಿ ಚೆಂಗ್ದು ನಗರದಲ್ಲಿ, ಅಸಾಧಾರಣ ಶಕ್ತಿಯುಳ್ಳವನೆಂದು ಹೆಸರಾಗಿದ್ದ ತಾಯ್‌ಚಿ ಗುರುವೊಬ್ಬ ಆಧುನಿಕ ಮಲ್ಲನೊಬ್ಬನೆದುರು ಅರ್ಧ ನಿಮಿಷವೂ ನಿಲ್ಲಲಿಲ್ಲ. ಮುಟ್ಟದೆಯೇ ಕೆಡವುತ್ತೇವೆ, ಕೈಯಾಡಿಸಿ ರೋಗ ಕಳೆಯುತ್ತೇವೆ ಎನ್ನುವವರನ್ನು ನಾವು ದೂರವಿಡುವುದೇ ಲೇಸು.

ಆದರೆ ಆ ಕೊಡಲಿಯ ನೈಪುಣ್ಯದಿಂದ ಮುದುಕರಿಗೆ ಆಗುವ ಲಾಭ ದೊಡ್ಡದು. ಮುಪ್ಪಿನಲ್ಲಿ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಬೀಳುವುದಕ್ಕೆ ಬಹುಮಟ್ಟಿಗೆ ಕಾರಣ, ಒಂದು ಕಾಲಿನಿಂದ ಇನ್ನೊಂದಕ್ಕೆ ತೂಕ ದಾಟಿಸುವ ಆ ಒಂದು ಕ್ಷಣದ ಅಭದ್ರತೆ. ತಾಯ್‌ಚಿಯ ಆದ್ಯಂತ ಮಾಡುವುದು ಆ ದಾಟಿಸುವಿಕೆಯನ್ನೇ, ಅದೂ ಅತಿ ನಿಧಾನವಾಗಿ, ಮೊಣಕಾಲನ್ನು ತುಸು ಬಾಗಿಸಿ. ಇದರಿಂದ ತೊಡೆಯ ಸ್ನಾಯುಗಳು ಗಟ್ಟಿಯಾಗುತ್ತವೆ, ಪಾದಕ್ಕೆ ನೆಲದ ಅರಿವು ಮರಳುತ್ತದೆ. ಅಮೆರಿಕದ ಆರೆಗನ್ ರಾಜ್ಯದಲ್ಲಿ 195 ಮಂದಿ ಕಂಪವಾತದ ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಾರಕ್ಕೆರಡು ಬಾರಿ ಒಂದೊಂದು ಗಂಟೆಯಂತೆ 24 ವಾರ ತಾಯ್‌ಚಿ ಮಾಡಿದವರ ಸಮತೋಲನವು, ತೂಕ ಎತ್ತಿದವರಿಗಿಂತಲೂ ಬರಿಯ ಮೈಚಾಚುವ ವ್ಯಾಯಾಮ ಮಾಡಿದವರಿಗಿಂತಲೂ ಉತ್ತಮವಾಗಿತ್ತು. ಮೈಚಾಚಿದವರಿಗಿಂತ ಇವರು ಬಿದ್ದದ್ದೂ ಕಡಿಮೆ. ರೋಗ ವಾಸಿಯಾಯಿತೆಂದು ಯಾರೂ ಹೇಳಲಿಲ್ಲ. ಔಷಧ ಬಿಡಬೇಕೆಂದೂ ಹೇಳಲಿಲ್ಲ.

ಗುರು ದೊರೆಯದ ಊರಿನವರು ಮೊದಲ ಪಾಠವನ್ನು ಮನೆಯಲ್ಲಿಯೇ ಮಾಡಬಹುದು. ಹಿಂದೆಂದಾದರೂ ಬಿದ್ದವರು, ತಲೆಸುತ್ತು, ಹೃದ್ರೋಗ, ಮೊಣಕಾಲಿನ ತೀವ್ರ ನೋವು ಉಳ್ಳವರು ವೈದ್ಯರನ್ನು ಕೇಳಿಯೇ ತೊಡಗಬೇಕು. ಕೈಗೆಟುಕುವಂತೆ ಅಲುಗದ ಕುರ್ಚಿಯೊಂದನ್ನು ಇರಿಸಿಕೊಂಡು, ಪಾದಗಳನ್ನು ಹೆಗಲಿನಷ್ಟು ಅಗಲಕ್ಕೆ ಊರಿ, ಮೊಣಕಾಲು ಬೆರಳ ತುದಿಯನ್ನು ದಾಟದಂತೆ ಸ್ವಲ್ಪವೇ ಬಾಗಿಸಿ ನಿಲ್ಲಬೇಕು. ಉಸಿರನ್ನು ಬಿಗಿಹಿಡಿಯಬಾರದು. ತೂಕವನ್ನು ಎಡಗಾಲಿಗೆ ಮೆಲ್ಲನೆ ದಾಟಿಸಿ, ಬಲಗಾಲು ಪೂರ್ತಿ ಹಗುರವಾದ ಮೇಲೆಯೇ ಅದರ ಹಿಮ್ಮಡಿಯನ್ನು ಎತ್ತಬೇಕು. ಬಳಿಕ ಮತ್ತೊಂದು ಕಡೆಗೆ. ಮೊದಲ ವಾರ ಐದು ನಿಮಿಷ ಸಾಕು. ತೊಡೆ ನಡುಗತೊಡಗಿದರೆ ಕುರ್ಚಿ ಹಿಡಿದು ನೇರವಾಗಿ ನಿಂತು, ಆ ದಿನದ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಬೇಕು.