ಬಾಡಿಗೆ ವಸೂಲಿಯೆಂಬ ವಿದ್ಯೆ

ಬಡವರ ವಠಾರಕ್ಕೆ ವಾರವಾರವೂ ಹೋಗಿ ಬಾಡಿಗೆ ವಸೂಲು ಮಾಡುವುದನ್ನು ಸುಶಿಕ್ಷಿತರಿಗೆ ತಕ್ಕ ವೃತ್ತಿಯೆಂದು ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ಎಣಿಸಿದವರು ವಿರಳ. ಆ ಕೆಲಸವನ್ನೇ ಲೋಕಸೇವೆಯ ಒಂದು ಶಾಸ್ತ್ರವಾಗಿ ಬೆಳೆಸಿ, ಅದರಲ್ಲಿ ಪಳಗಿದ ಸ್ತ್ರೀಯರ ಪರಂಪರೆಯನ್ನೇ ಸಿದ್ಧಪಡಿಸಿದ ಕೀರ್ತಿ ಆಕ್ಟೇವಿಯಾ ಹಿಲ್ (1838–1912) ಎಂಬಾಕೆಗೆ ಸಲ್ಲತಕ್ಕದ್ದು. ಅಗ್ಗದ ಬಾಡಿಗೆಯ ಮನೆಗಳನ್ನು ನೋಡಿಕೊಳ್ಳುವುದು ಇಂದು ಅನೇಕ ದೇಶಗಳಲ್ಲಿ ಓದಿ ಕಲಿಯುವ ಉದ್ಯೋಗವಾಗಿದೆ. ಅದರ ಮೂಲವನ್ನು ಅರಸುವವನು ಈಕೆಯ ಲೆಕ್ಕದ ಪುಸ್ತಕದ ಬಳಿಗೆ ಬರಲೇಬೇಕು.

1865ರಲ್ಲಿ ಪ್ರಸಿದ್ಧ ಲೇಖಕ ಜಾನ್ ರಸ್ಕಿನ್ ಲಂಡನ್ನಿನ ಮ್ಯಾರಿಲಿಬೋನ್ ಭಾಗದ ಪ್ಯಾರಡೈಸ್ ಪ್ಲೇಸಿನಲ್ಲಿ ಮೂರು ಜೀರ್ಣಗೃಹಗಳನ್ನು ಕೊಂಡು ಆಕೆಯ ವಶಕ್ಕೊಪ್ಪಿಸಿದನು. ಹಾಕಿದ ಹಣಕ್ಕೆ ವರ್ಷಕ್ಕೆ ನೂರಕ್ಕೆ ಐದರಂತೆ ಪ್ರತಿಫಲ ಬರಬೇಕು, ಬಂದರೆ ಇತರರೂ ಧೈರ್ಯದಿಂದ ಬಂಡವಾಳ ಹೂಡುವರು ಎಂಬುದು ಅವನ ವಿಚಾರ. ಔದಾರ್ಯದ ಕಾರ್ಯದಲ್ಲಿ ಈ ವ್ಯಾಪಾರದೃಷ್ಟಿ ಏಕೆಂದು ಕೆಲವರಿಗೆ ತೋರಬಹುದು. ನನಗಾದರೋ ಇದೇ ಇಡೀ ಯೋಜನೆಯ ಜೀವಾಳವೆಂದು ತೋರುತ್ತದೆ. ಆಕೆಯ ಕೈಗೆ ಬಂದ ಇಂಥ ಮನೆಗಳಲ್ಲಿ ಚರಂಡಿ ಕಟ್ಟಿತ್ತು, ಗಾರೆ ಉದುರಿತ್ತು, ಮೆಟ್ಟಿಲ ಕಟಕಟೆಯೂ ಎಂದೋ ಒಲೆಯ ಪಾಲಾಗಿತ್ತು. ಆಕೆ ಮೊದಲು ಚರಂಡಿ, ನೀರುಗಳನ್ನು ಸರಿಪಡಿಸಿದಳು. ಆಮೇಲೆ ಒಂದೊಂದು ಮನೆಯ ದುರಸ್ತಿಗೂ ವರ್ಷಕ್ಕಿಷ್ಟೆಂದು ಹಣ ತೆಗೆದಿರಿಸಿ, ಒಡೆದು ಹಾಳುಮಾಡದೆ ಉಳಿಸಿದ ಹಣದಲ್ಲಿ ಬಾಡಿಗೆದಾರರು ಕೇಳಿದ ಅನುಕೂಲವನ್ನೇ ಮಾಡಿಸಿಕೊಡುವೆನೆಂದಳು. ಕಿಟಕಿಯ ಗಾಜನ್ನು ಕಾಯುವುದರಲ್ಲಿ ಅವರಿಗೂ ಸ್ವಾರ್ಥ ಹುಟ್ಟಿತು. ಕೆಲಸವಿಲ್ಲದ ಕಾಲದಲ್ಲಿ ದುರಸ್ತಿಯ ಕೂಲಿಯೂ ಅವರಿಗೇ ದೊರೆಯುತ್ತಿತ್ತು. ವಾರದ ಬಾಡಿಗೆ ಕೇಳಲು ಬಾಗಿಲಲ್ಲಿ ನಿಂತವಳಿಗೆ ಯಾರಿಗೆ ಜ್ವರ, ಯಾರ ಮಗಳು ಕೆಲಸಕ್ಕೆ ಸೇರುವ ವಯಸ್ಸಿನವಳಾದಳು ಎಂಬುದೆಲ್ಲ ತಾನಾಗಿ ತಿಳಿಯುತ್ತಿತ್ತು. ಸಹಾಯಕಿಯರಿಗೆ ಆಕೆ ಕಲಿಸಿದ್ದು ಮುಖ್ಯವಾಗಿ ಈ ತಿಳಿವನ್ನೂ, ಚೊಕ್ಕವಾಗಿ ಲೆಕ್ಕವಿಡುವುದನ್ನೂ.

ಮುಂದೆ ಆಕೆಯ ಕೆಲಸ ಹರಡಿತು. 1884ರಲ್ಲಿ ಚರ್ಚಿನ ಆಸ್ತಿಯ ಆಡಳಿತ ಮಂಡಲಿ ಲಂಡನ್ನಿನ ಸದರ್ಕ್ ಭಾಗದ ತನ್ನ ಮನೆಗಳನ್ನು ಆಕೆಗೆ ವಹಿಸಿತು. 1887ರಲ್ಲಿ ಅಲ್ಲಿಯ ನಿವಾಸಿಗಳಿಗಾಗಿ ಆಕೆ ಮಾಡಿಸಿದ ರೆಡ್ ಕ್ರಾಸ್ ಎಂಬ ಉದ್ಯಾನ ತೆರೆಯಿತು. ಚೆಲುವಾದ ನಿಸರ್ಗತಾಣಗಳನ್ನೂ ಚಾರಿತ್ರಿಕ ಕಟ್ಟಡಗಳನ್ನೂ ಜನರಿಗಾಗಿ ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯನ್ನು 1895ರಲ್ಲಿ ಸ್ಥಾಪಿಸಿದ ಮೂವರಲ್ಲಿ ಈಕೆಯೂ ಒಬ್ಬಳು.

ಆದರೆ ಆಕೆಯ ಕರುಣೆಗೆ ಅಂಚು ಹರಿತವಾಗಿತ್ತು. ಬಾಡಿಗೆ ಬಾಕಿ ಉಳಿಸಿಕೊಂಡವರು ಮನೆ ಬಿಡಬೇಕಾಗುತ್ತಿತ್ತು. ನಗರಸಭೆಗಳು ತಾವೇ ಮನೆ ಕಟ್ಟಿಸುವುದನ್ನೂ ಆಕೆ ವಿರೋಧಿಸಿದಳು. ಒಬ್ಬೊಬ್ಬರನ್ನೂ ಹೆಸರಿನಿಂದ ಬಲ್ಲ ಈ ಪದ್ಧತಿ ಮಹಾನಗರದ ಲಕ್ಷಾಂತರ ಬಡವರಿಗೆ ಸಾಲದೆಂಬ ಸತ್ಯಕ್ಕೆ ಆಕೆ ಕೊನೆಗೂ ಕಿವಿಗೊಡಲಿಲ್ಲ. ಆಕೆ ತೀರಿಕೊಂಡ ಮೇಲೆ, 1916ರಲ್ಲಿ, ಆಕೆಯ ಕ್ರಮವನ್ನು ಅನುಸರಿಸುತ್ತಿದ್ದ ಸ್ತ್ರೀಯರು ತಮ್ಮದೇ ವೃತ್ತಿಸಂಘವನ್ನು ಕಟ್ಟಿಕೊಂಡರು. ಮೊದಲ ಮಹಾಯುದ್ಧ ಮುಗಿದು ನಗರಸಭೆಗಳು ಮನೆ ಕಟ್ಟಿಸತೊಡಗಿದಾಗ, ಅವರಲ್ಲಿ ಕೆಲವರು ಆ ಮನೆಗಳ ಮೇಲ್ವಿಚಾರಕಿಯರಾಗಿಯೇ ನೇಮಕಗೊಂಡರು.