ಒತ್ತು ಶಾವಿಗೆಯೂ ಕಾಯಿಹಾಲೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆ ತೆಂಗಿನಕಾಯಿಗೆ ಮುಖ್ಯವಾಗಿ ಎರಡು ಗತಿಗಳುಂಟು. ಅಟ್ಟವನ್ನೇರಿದ ಕಾಯಿ ಅನೇಕ ತಿಂಗಳು ಸಿಪ್ಪೆಯೊಳಗೇ ಒಣಗಿ, ಚಿಪ್ಪಿನಿಂದ ಬಿಡಿಸಿಕೊಂಡು, ಉಂಡೆ ಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆಯನ್ನು ಸೇರುತ್ತದೆ. ಅಡಿಗೆಮನೆಗೆ ಬಂದ ಕಾಯಿ ಅಂದೇ ಮುಗಿಯುತ್ತದೆ. ಅಳಿಯ ಬಂದಾಗಲೋ, ಬಿಡುವಾದ ಒಂದು ಭಾನುವಾರವೋ, ಮನೆಮಂದಿಗೆಲ್ಲ ಒತ್ತು ಶಾವಿಗೆ ಮಾಡಬೇಕೆಂದರೆ ಕಾಯಿಹಾಲಿಗೆಂದು ನಾಲ್ಕೈದು ಕಾಯಿಗಳನ್ನಾದರೂ ಒಡೆಯಬೇಕು. ಅಷ್ಟು ಕೊಬ್ಬರಿ ವರ್ಷದ ಆದಾಯದಿಂದ ಕಳೆಯಿತು. ಆದುದರಿಂದಲೇ ಈ ತಿಂಡಿಯ ವಿಷಯದಲ್ಲಿ ಹಿರಿಯ ಹೆಂಗಸರ ಕಟ್ಟಳೆಗಳು ಬಿಗಿಯಾದುವು: ಹಿಟ್ಟು ಆರಬಾರದು, ಹಾಲು ಕುದಿಯಬಾರದು, ತುರಿಯನ್ನು ಒಂದೇ ಸಲ ಹಿಂಡಿ ಬಿಸಾಡಬಾರದು. ಇವುಗಳಿಗೆ ಕಾರಣವೇನೆಂದು ನೋಡೋಣ.

ಗೋಧಿಯ ಶಾವಿಗೆಯನ್ನು ಹಸಿ ಹಿಟ್ಟಿನಿಂದಲೇ ಹೊಸೆಯಬಹುದು. ಗೋಧಿಯಲ್ಲಿರುವ ಗ್ಲೂಟೆನ್ ಎಂಬ ಪ್ರೋಟೀನು ನೀರು ತಗುಲಿದೊಡನೆ ಬಲೆಯಂತೆ ಹೆಣೆದುಕೊಂಡು ಎಳೆಯನ್ನು ಹಿಡಿದು ನಿಲ್ಲಿಸುತ್ತದೆ. ಅಕ್ಕಿಗೆ ಈ ಭಾಗ್ಯವಿಲ್ಲ. ಅದರ ಹಸಿ ಹಿಟ್ಟನ್ನು ಒತ್ತಿದರೆ ಎಳೆ ಮುರಿದು ಪುಡಿಯಾಗುವುದು. ಅಕ್ಕಿಯಲ್ಲಿ ಅಂಟಿನ ಕೆಲಸವನ್ನು ಪಿಷ್ಟವೇ ಮಾಡಬೇಕು, ಅದಕ್ಕೆ ಶಾಖ ಬೇಕು. ಸುಮಾರು 65ರಿಂದ 80 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಪಿಷ್ಟದ ಕಣಗಳು ನೀರನ್ನು ಹೀರಿ ಊದಿ, ತಮ್ಮೊಳಗಿನ ಉದ್ದನೆಯ ಅಣುಸರಪಳಿಗಳನ್ನು ಹೊರಬಿಡುತ್ತವೆ. ತಿಪಟೂರು ಸಮುದ್ರಮಟ್ಟದಿಂದ ಸುಮಾರು 850 ಮೀಟರು ಎತ್ತರದಲ್ಲಿರುವುದರಿಂದ ಅಲ್ಲಿ ನೀರು 97 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ಈ ಕೆಲಸಕ್ಕೆ ಅಷ್ಟು ಧಾರಾಳವಾಯಿತು. ಹಿಟ್ಟನ್ನು ಮುದ್ದೆಯಂತೆ ತೊಳಸಿ, ಉಂಡೆ ಕಟ್ಟಿ, ಮತ್ತೆ ಬೇಯಿಸುವುದು ಉಂಡೆಯ ನಡುಭಾಗಕ್ಕೂ ಈ ಶಾಖ ಮುಟ್ಟಲೆಂದು.

ಬೆಂದ ಹಿಟ್ಟು ಆರುತ್ತ ಹೋದಂತೆ ಬಿಡಿಸಿಕೊಂಡ ಸರಪಳಿಗಳು ಪುನಃ ಒಂದಕ್ಕೊಂದು ಜೋಡಿಕೊಂಡು ಗಡುಸಾಗುತ್ತವೆ. ಆಗ ಒರಳಿನ ತಿರುಪನ್ನು ಎಷ್ಟು ತಿರುಗಿಸಿದರೂ ಶಾವಿಗೆ ಇಳಿಯದು. ಬಿಸಿಬಿಸಿಯಾಗಿಯೇ ಒತ್ತಬೇಕೆಂಬುದು ಇದಕ್ಕೇ.

ಶಾವಿಗೆ ಒರಳು ಒಂದು ಸೊಗಸಾದ ಯಂತ್ರ. ಕೊಳವೆಯ ವ್ಯಾಸ 6 ಸೆಂಟಿಮೀಟರು, ತಿರುಪಿನ ಎರಡು ಸುತ್ತುಗಳ ನಡುವಣ ಅಂತರ 6 ಮಿಲಿಮೀಟರು, ಹಿಡಿಯ ಉದ್ದ ನಡುವಿನಿಂದ 15 ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ಕೈ ಒಂದು ಸುತ್ತು ಬರುವಾಗ ಸುಮಾರು 94 ಸೆಂಟಿಮೀಟರು ಚಲಿಸುತ್ತದೆ; ಹಿಟ್ಟು ಕೆಳಗಿಳಿಯುವುದು 6 ಮಿಲಿಮೀಟರು ಮಾತ್ರ. ಬಲ 150 ಪಾಲಿಗೂ ಮೀರಿ ಹೆಚ್ಚಬೇಕು. ಘರ್ಷಣೆ ಇದರಲ್ಲಿ ಐದಕ್ಕೆ ನಾಲ್ಕು ಪಾಲನ್ನು ನುಂಗಿತೆಂದರೂ, ಕೈಯಿಂದ 10 ಕಿಲೋಗ್ರಾಮಿನಷ್ಟು ಬಲ ಹಾಕಿದರೆ ಹಿಟ್ಟಿನ ಮೇಲೆ 300 ಕಿಲೋಗ್ರಾಮಿನಷ್ಟು ಬೀಳುತ್ತದೆ. ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 11 ಕಿಲೋಗ್ರಾಮು, ನಮ್ಮ ಮೇಲಿರುವ ವಾಯುಮಂಡಲದ ಒತ್ತಡದ ಹತ್ತು ಪಾಲಿಗೂ ಹೆಚ್ಚು! ಒರಳಿನ ಕಾಲುಗಳನ್ನು ಒಬ್ಬರು ಒತ್ತಿ ಹಿಡಿಯದಿದ್ದರೆ ಇಡೀ ಒರಳೇ ತಿರುಗುವುದರಲ್ಲಿ ಆಶ್ಚರ್ಯವೇನು? ಈ ತಿಂಡಿಯನ್ನು ಒಂಟಿಯಾಗಿ ಮಾಡಲು ಹೋಗುವುದು ಜಾಣತನವಲ್ಲ.

ರಂಧ್ರದಿಂದ ಹೊರಬಿದ್ದ ಎಳೆಯ ಗತಿ ಬೇರೆ. ಒಂದೂವರೆ ಮಿಲಿಮೀಟರಿನ ಎಳೆಗೆ ಅದರ ಗಾತ್ರಕ್ಕೆ ಹೋಲಿಸಿದರೆ ಕೊಳವೆಯೊಳಗಿನ ಹಿಟ್ಟಿಗಿಂತ 40 ಪಾಲು ಹೆಚ್ಚು ಮೈಯುಂಟು. ಆ ಮೈಯಿಂದ ಹಬೆ ಬೇಗನೆ ಹೊರಟು, ಮೇಲ್ಪದರ ಕ್ಷಣದಲ್ಲಿ ಆರಿ ಬಿಗಿಯಾಗುತ್ತದೆ. ಒಳಗೆ ಹಾನಿ ಮಾಡುತ್ತಿದ್ದ ತಣಿವೇ ಹೊರಗೆ ಉಪಕಾರಿ. ಅದಿಲ್ಲದಿದ್ದರೆ ತಟ್ಟೆಯಲ್ಲಿ ಸುರುಳಿಯ ಬದಲು ಮುದ್ದೆಯೇ ಉಳಿಯುತ್ತಿತ್ತು.

ಇನ್ನು ಕಾಯಿಹಾಲು. ಬಲಿತ ಹಸಿಕಾಯಿಯ ತಿರುಳಿನಲ್ಲಿ ಹೆಚ್ಚುಕಡಮೆ ಅರ್ಧ ನೀರು, ಮೂರರಲ್ಲೊಂದು ಪಾಲು ಎಣ್ಣೆ. ರುಬ್ಬಿದಾಗ ಜೀವಕೋಶಗಳು ಒಡೆದು, ಎಣ್ಣೆ ಅತಿಸೂಕ್ಷ್ಮ ಹನಿಗಳಾಗಿ ನೀರಿನಲ್ಲಿ ಹರಡುತ್ತದೆ. ಪ್ರತಿ ಹನಿಯ ಸುತ್ತಲೂ ಕಾಯಿಯದೇ ಪ್ರೋಟೀನಿನ ಪೊರೆಯಿದ್ದು, ಹನಿಗಳು ಕೂಡಿಕೊಳ್ಳದಂತೆ ತಡೆಯುತ್ತದೆ. ಹಾಲಿನ ಬಿಳುಪು ಬೆಳಕನ್ನು ಚೆದರಿಸುವ ಈ ಹನಿಗಳದೇ. ಉಷ್ಣತೆ 80 ಡಿಗ್ರಿಯನ್ನು ದಾಟಿದರೆ ಪ್ರೋಟೀನು ಹೆಪ್ಪುಗಟ್ಟಿ ಪೊರೆ ಹರಿಯುತ್ತದೆ. ಹಾಲು ಒಡೆದು ಎಣ್ಣೆ ತೇಲುತ್ತದೆ. ಬೆಲ್ಲವನ್ನು ಬೇರೆಯಾಗಿ ಕರಗಿಸಿ, ಸೋಸಿ, ಆರಿದ ಮೇಲೆ ಬೆರೆಸುವ ಪದ್ಧತಿ ಎಷ್ಟು ವಿವೇಕದ್ದು! ನುಣ್ಣಗೆ ರುಬ್ಬುವುದಕ್ಕೂ ಅರ್ಥವುಂಟು: ಹನಿಯ ವ್ಯಾಸ ಅರ್ಧವಾದರೆ ಅದು ಮೇಲೇರುವ ವೇಗ ಕಾಲುಭಾಗಕ್ಕಿಳಿಯುತ್ತದೆ. ಜೊತೆಗೆ ಹಾಕುವ ಗಸಗಸೆ, ನೆನೆಸಿದ ಅಕ್ಕಿ ಇವು ಹಾಲನ್ನು ಮಂದವಾಗಿಸಿ ಆ ವೇಗವನ್ನು ಮತ್ತಷ್ಟು ತಗ್ಗಿಸುತ್ತವೆ. ತೆಂಗಿನೆಣ್ಣೆ 24–25 ಡಿಗ್ರಿಯ ಕೆಳಗೆ ಗಟ್ಟಿಯಾಗುವುದರಿಂದ, ಮಾಗಿಯ ಬೆಳಗಿನಲ್ಲಿ ಉಗುರುಬೆಚ್ಚಗಿನ ನೀರನ್ನು ಸೇರಿಸಿ ರುಬ್ಬುವುದು ಲೇಸು.

ಒಂದೇ ಸಲ ಹಿಂಡುವುದರಿಂದ ನಷ್ಟವೆಷ್ಟು? ಹಿಂಡಿದ ಮೇಲೂ ತುರಿಯಲ್ಲಿ ಒಂದು ಬಟ್ಟಲು ದ್ರವ ಉಳಿಯುತ್ತದೆ ಎನ್ನೋಣ. ನಾಲ್ಕು ಬಟ್ಟಲು ನೀರನ್ನು ಒಟ್ಟಿಗೆ ಸುರಿದು ಹಿಂಡಿದರೆ ಮೂರು ಬಟ್ಟಲು ಬಂದು, ಬಿಡುಗಡೆಯಾದ ಎಣ್ಣೆಯಲ್ಲಿ ಕಾಲುಭಾಗ ತುರಿಯಲ್ಲೇ ನಿಲ್ಲುತ್ತದೆ. ಅದೇ ನೀರನ್ನು ಎರಡೆರಡು ಬಟ್ಟಲಿನಂತೆ ಹಾಕಿದರೆ, ಮೊದಲ ಸಲ ಅರ್ಧ ಉಳಿಯುತ್ತದೆ. ಎರಡನೆಯ ಸಲ ಆ ಅರ್ಧದಲ್ಲಿ ಮೂರನೆಯ ಒಂದು ಪಾಲು, ಅಂದರೆ ಒಟ್ಟಿನ ಆರನೆಯ ಒಂದು ಭಾಗ. ಬಂದ ಹಾಲು ಈಗಲೂ ಮೂರೇ ಬಟ್ಟಲು, ಆದರೆ ಹೆಚ್ಚು ಸಾರವುಳ್ಳದ್ದು. ಮೂರು ಸಲ ಮಾಡಿದರೆ ನಷ್ಟ ಸುಮಾರು ಏಳನೆಯ ಒಂದಕ್ಕೆ ಇಳಿಯುತ್ತದೆಯಷ್ಟೆ. ಮೂರನೆಯ ಹಿಂಡಿಕೆಗೆ ಪಡುವ ಶ್ರಮ ಅಷ್ಟೇನೂ ಸಾರ್ಥಕವಲ್ಲವೆಂದು ನನ್ನ ಅಭಿಪ್ರಾಯ. ನಡುವೆ ತುರಿಯನ್ನು ಮತ್ತೊಮ್ಮೆ ರುಬ್ಬಿದರೆ ಒಡೆಯದೆ ಉಳಿದ ಕೋಶಗಳೂ ಒಡೆಯುವುದರಿಂದ ಅದರ ಲಾಭ ಬೇರೆಯೇ ಉಂಟು.

ಅಟ್ಟದ ಕೊಬ್ಬರಿಯಿಂದ ಇಂಥ ಹಾಲನ್ನು ನಿರೀಕ್ಷಿಸಬಾರದು. ಅದರಲ್ಲಿ ಎಣ್ಣೆ ನೂರಕ್ಕೆ 65ರಷ್ಟಿದ್ದರೂ ನೀರು ಆರೇಳು ಪಾಲಿಗೆ ಇಳಿದಿರುತ್ತದೆ; ಅದು ಗಾಣಕ್ಕೆ ತಕ್ಕ ವಸ್ತು. ಹಸಿಕಾಯಿಯ ಹಾಲನ್ನಾದರೋ ಸಂಜೆಗೆಂದು ಇಡುವಂತಿಲ್ಲ, ಬೇಸಗೆಯಲ್ಲಿ ಕೆಲವೇ ಗಂಟೆಗಳಲ್ಲಿ ಹುಳಿಯುತ್ತದೆ. ಶಾವಿಗೆ ಉಳಿದರೆ ಚಿಂತೆಯಿಲ್ಲ. ಗಡುಸಾದ ಎಳೆಗಳನ್ನು ಹಬೆಯಲ್ಲಿ ಬಿಸಿಮಾಡಿದರೆ ಸರಪಳಿಗಳ ಹೊಸ ಬಂಧ ಬಹುಮಟ್ಟಿಗೆ ಸಡಿಲವಾಗುತ್ತದೆ; ಮೇಲೆ ಒಗ್ಗರಣೆ ಹಾಕಿ ನಿಂಬೆಹಣ್ಣು ಹಿಂಡಿದರೆ ಮಧ್ಯಾಹ್ನದ ಊಟಕ್ಕೂ ಒದಗುತ್ತದೆ.